ಬಲಗೈಗೆ ಏಳು, ಎಡಗೈಗೆ ಎಂಟು

ಮುಕುಂದನ ಮೈ ಉರಿಸಲು ಒಂದೇ ಮಾತು ಸಾಕಿತ್ತು: "ಶುರು ಯಾವಾಗ ಮಾಡ್ತೀರಿ?" ಅರ್ಧ ತಾಸು ಪಿಯಾನೊ ನುಡಿಸಿ, ಬೆನ್ನಿನ ಅಂಗಿ ಬೆವರಿಗೆ ಅಂಟಿಕೊಂಡು, ಬೆರಳ ಗೆಣ್ಣುಗಳೆಲ್ಲ ನೋಯುತ್ತಿರುವಾಗ, ಎದುರಿಗೆ ಕೂತವರು ಹೀಗೆ ಕೇಳಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ ಹೇಳಿ. ಕಮಲಾಪುರದ ಹೈಸ್ಕೂಲಿನ ಹೆಡ್‌ಮಾಸ್ತರರು ಕೇಳಿದರು. ಡ್ರಿಲ್ ಮಾಸ್ತರರು ಕೇಳಿದರು, ಕೇಳಿದ್ದಲ್ಲದೆ ಇದನ್ನು ತುಸು ಜೋರಾಗಿ ನುಡಿಸಿದರೆ ಹುಡುಗರ ಕವಾಯತಿಗೆ ಆಗುತ್ತದೆ ಎಂದೂ ಅಂದರು. ಕಟ್ಟಿಕೊಂಡ ಹೆಂಡತಿ ಚಂದ್ರಾಬಾಯಿಯೂ ಬಿಡಲಿಲ್ಲ. ಅವಳು ಒಂದು ಭಾನುವಾರ ಕಲಬುರ್ಗಿಯಿಂದ ಬಸ್ಸಿನಲ್ಲಿ ಬಂದು, ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಕೊಂಡು, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು.

"ಮುಗೀತು" ಎಂದ ಮುಕುಂದ.

"ಏನು ಮುಗೀತು? ಇಷ್ಟೊತ್ತನಕ ಕೈ ಸಡಿಲ ಮಾಡ್ಕೊಳ್ಳಾಕತ್ತೀರಿ ಅಂತ ಮಾಡಿದ್ದೆ. ಹಾಡು ಈಗ ಬರ್ತದ, ಈಗ ಬರ್ತದ ಅಂತ ಕಾಯ್ಕೋತ ಕೂತೆ ನೋಡ್ರಿ."

ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನಾದರೂ ಇರುತ್ತದೆ; ಹಾಡು ಯಾವಾಗ ಅಂತ ಕೇಳುವುದಿಲ್ಲ. ಅಂದು ಅವರಿಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಮರಳಿದರು, ಆದರೆ ಮುಕುಂದ ಕಿಟಕಿಯ ಕಡೆ ಮುಖ ಮಾಡಿ ಕೂತವನು ಬಸ್‌ಸ್ಟ್ಯಾಂಡು ಬರುವವರೆಗೆ ಕತ್ತು ತಿರುಗಿಸಲಿಲ್ಲ. ಒಬ್ಬರು, ಬರೇ ಒಬ್ಬರು, ಇದನ್ನು ಸಂಗೀತವೆಂದು ತಿಳಿದು ಮೊದಲಿಂದ ಕೊನೆತನಕ ಕೇಳಬೇಕು. ಅವನ ಆಸೆ ಇಷ್ಟೇ. ಹೆಸರು ಬೇಡ, ಹಾರ ಬೇಡ, ಶಾಲು ಬೇಡ. ನಲವತ್ತೈದು ದಾಟಿದ ಗುಮಾಸ್ತನೊಬ್ಬ ದೇವರ ಹತ್ತಿರ ಇದಕ್ಕಿಂತ ಕಡಿಮೆ ಏನು ಕೇಳಬೇಕು?

ತೊಂದರೆ ಎಲ್ಲಿತ್ತೆಂದರೆ, ಕಲಬುರ್ಗಿಯಲ್ಲಿ ಮುಕುಂದನ ಕೈ ಎಲ್ಲರಿಗೂ ಗೊತ್ತಿತ್ತು. ಅವನು ಲೆಹರಾ ನುಡಿಸುವವನು. ತಬಲಾ ಒಂದೇ ಮೆರೆಯುವ ಕಛೇರಿಯಲ್ಲಿ ಪಕ್ಕಕ್ಕೆ ಒಬ್ಬ ಹಾರ್ಮೋನಿಯಂ ಹಿಡಿದು ಕೂತು, ಹದಿನಾರು ಮಾತ್ರೆಯ ಒಂದೇ ಒಂದು ಸಾಲನ್ನು ಗಾಣದೆತ್ತಿನಂತೆ ಸುತ್ತಿಸುತ್ತ ಇರಬೇಕಲ್ಲ, ಅದು ಲೆಹರಾ. ತಬಲಾದವನು ಎಲ್ಲೆಲ್ಲೋ ಹಾರಿ, ಹೊರಳಿ, ಕಡೆಗೆ ಆ ಸಾಲಿನ ಮೊದಲ ಮಾತ್ರೆಗೆ ಸರಿಯಾಗಿ ಬಂದು ಬೀಳಬೇಕು. ಆ ಮೊದಲ ಮಾತ್ರೆಯೇ ಸಮ್ಮು. ಬಿದ್ದರೆ ಸಭೆ "ಆಹಾ" ಅನ್ನುತ್ತದೆ, ತಬಲಾದವನಿಗೆ. ಸಾಲು ಸುತ್ತಿಸಿದವನನ್ನು ಯಾರೂ ನೋಡುವುದಿಲ್ಲ. ನೋಡಿದರೆ ಅವನೇನೋ ತಪ್ಪಿದ್ದಾನೆ ಎಂದರ್ಥ.

ತಬಲಾದವನು ಬೇರೆ ಯಾರೂ ಅಲ್ಲ, ಮುಕುಂದನ ಸ್ವಂತ ಅಣ್ಣ ಬಂಡು. ಬ್ರಹ್ಮಪುರದ ಮನೆಯಲ್ಲಿ ಕೆಳಗೆ ಅಣ್ಣ, ಮಾಳಿಗೆಯ ಮೇಲೆ ತಮ್ಮ. ಬಂಡೂರಾಯರೆಂದರೆ ಕಲಬುರ್ಗಿಯಿಂದ ಬೀದರಿನತನಕ, ಆ ಕಡೆ ಸೊಲ್ಲಾಪುರದತನಕ ಹೆಸರು. ಎತ್ತರದ ಆಳು, ದೊಡ್ಡ ನಗು, ಬಾಯಿತುಂಬ ಎಲೆಅಡಿಕೆ, ಹೃದಯವೂ ದೊಡ್ಡದೇ. ತಮ್ಮನಿಗೆ ಮೀಸೆ ಚಿಗುರುವ ಮೊದಲೇ ಹಾರ್ಮೋನಿಯಂ ಪೇಟಿ ಕೊಟ್ಟು, ಪಕ್ಕದಲ್ಲಿ ಕೂಡಿಸಿಕೊಂಡು, "ಇದನ್ನ ನುಡಸ್ಕೋತ ಇರು, ನಿಲ್ಲಿಸಬ್ಯಾಡ" ಎಂದಿದ್ದ. ತಮ್ಮ ನಿಲ್ಲಿಸಿರಲಿಲ್ಲ.

ಇದರೊಳಗೆ ಒಂದು ಗುಟ್ಟು ಇತ್ತು. ಅದು ಮುಕುಂದನಿಗೆ ಮಾತ್ರ ಗೊತ್ತು, ಹೆಂಡತಿಗೂ ಹೇಳಿರಲಿಲ್ಲ. ಬಂಡು ಸಮ್ಮಿಗೆ ಸರಿಯಾಗಿ ಬರುತ್ತಿರಲಿಲ್ಲ. ಪ್ರಾಯದಲ್ಲಿ ಅಪರೂಪಕ್ಕೆ ತಪ್ಪುತ್ತಿದ್ದ, ಈಚೀಚೆಗೆ ಎರಡು ಸಲಕ್ಕೊಮ್ಮೆ ತಪ್ಪುತ್ತಿದ್ದ. ಹುರುಪಿನಲ್ಲಿ ಅರ್ಧ ಮಾತ್ರೆ ಮೊದಲೇ ಬಂದುಬಿಡುತ್ತಿದ್ದ, ಇಲ್ಲವೆ ಒಂದು ಮಾತ್ರೆ ತಡ. ಅಣ್ಣನ ಹೆಗಲು ಏಳುವುದನ್ನು ನೋಡಿಯೇ ಮುಕುಂದನಿಗೆ ತಿಳಿದುಹೋಗುತ್ತಿತ್ತು. ಬೇಗ ಬರುತ್ತಾನೆ ಅನ್ನಿಸಿದರೆ ಸಾಲಿನ ಬಾಲದ ಒಂದು ಸ್ವರ ಬಿಟ್ಟುಬಿಡುವನು. ತಡ ಅನ್ನಿಸಿದರೆ ಇದ್ದ ಸ್ವರವನ್ನೇ ಇನ್ನೊಮ್ಮೆ ಒತ್ತಿ ಕಾಯುವನು. ತಬಲಾದ ಪೆಟ್ಟು, ಪೇಟಿಯ ಮೊದಲ ಸ್ವರ, ಎರಡೂ ಕೂಡಿ ಬಿದ್ದವೋ ಇಲ್ಲವೋ? ಬಿದ್ದರೆ ಅದೇ ಸಮ್ಮು. ಮುಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುವ ಜಾಣರು ತಮ್ಮ ಕೈಯೇ ತಪ್ಪಿತೆಂದು ನಾಚಿ ಸುಮ್ಮನಾಗುತ್ತಿದ್ದರು. ಬಂಡು ತಲೆ ಕೊಡವಿ ನಗುತ್ತಿದ್ದ. ಮನೆಗೆ ಬರುವಾಗ ರಿಕ್ಷಾದಲ್ಲಿ, "ಇವತ್ತು ನೀ ಜರಾ ಓಡಿದಿ ನೋಡು. ನಾ ಸಂಭಾಳಿಸಿಕೊಂಡೆ" ಎಂದು ತಮ್ಮನಿಗೇ ಬುದ್ಧಿ ಹೇಳುತ್ತಿದ್ದ.

ಬಿಸಿತುಪ್ಪ ಅದು, ನುಂಗುವಂತಿಲ್ಲ, ಉಗುಳುವಂತಿಲ್ಲ. ಮುಕುಂದ "ಹೂಂ ಅಣ್ಣಾ" ಎನ್ನುತ್ತಿದ್ದ.

ಹೀಗಿರುವಾಗ ಅವನಿಗೆ ಕಮಲಾಪುರದ ಹೈಸ್ಕೂಲಿಗೆ ವರ್ಗವಾಯಿತು. ಬೆಳಗ್ಗೆ ಬಸ್ಸು, ಸಂಜೆ ಬಸ್ಸು. ತೊಂಬತ್ತೆರಡರ ಚಳಿಗಾಲದಲ್ಲಿ ಶಾಲೆಯ ಗ್ಯಾದರಿಂಗಿಗೆ ಕುರ್ಚಿ ಸಾಲದೆ, ಹಿಂದಿನ ಓಣಿಯ ಶಾಹಜಾದಿ ಆಪಾ ಅವರ ಮನೆಗೆ ಕೇಳಲು ಹೋದ. ಆಪಾ ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದು ನಿವೃತ್ತರಾದವರು. ಗಂಡ ನಿಜಾಮರ ಕಾಲದಲ್ಲಿ ಇಂಜಿನಿಯರ. ಕುರ್ಚಿಗಳು ಒಳಗಿನ ದಿವಾನಖಾನೆಯಲ್ಲಿ ಇದ್ದವು. ಅವುಗಳ ಹಿಂದೆ, ಹಳೇ ಜಮಖಾನ ಹೊದ್ದುಕೊಂಡು ಪಿಯಾನೊ ನಿಂತಿತ್ತು. ಹೈದರಾಬಾದಿನಿಂದ ರೈಲಿನಲ್ಲಿ ಬಂದು, ಕಲಬುರ್ಗಿಯಿಂದ ಎತ್ತಿನ ಗಾಡಿ ಏರಿ ಬಂದದ್ದಂತೆ.

"ನುಡಸ್ಲೇನ್ರಿ ಆಪಾ?"

"ನುಡಸು ಬೇಟಾ. ಅದಕ್ಕೂ ಬ್ಯಾಸರ ಆಗ್ಯದ, ನನಗೂ ಬ್ಯಾಸರ ಆಗ್ಯದ."

ಕೂತ. ಬಲಗೈ ತಾನಾಗಿ ಕರಿ ಬಿಳಿ ಮಣೆಗಳ ಮೇಲೆ ಹೋಯಿತು. ಎಡಗೈ ಮಾತ್ರ ಗಾಳಿ ಹಾಕುವ ತಿದಿ ಹುಡುಕುತ್ತ ಪಿಯಾನೊದ ಬೆನ್ನಿನ ಕಡೆ ತಡಕಾಡತೊಡಗಿತು. ಪಾಪ, ಮೂವತ್ತು ವರ್ಷ ಅದಕ್ಕೆ ಬೇರೆ ಕೆಲಸವೇ ಇರಲಿಲ್ಲ. ಮುಕುಂದ ಅದನ್ನೂ ಹಿಡಿದು ತಂದು ಮಣೆಗಳ ಮೇಲೆ ಇಟ್ಟ. ಹೆಚ್ಚಿನ ಮಣೆಗಳು ಸತ್ತಿದ್ದವು, ನಡುವಿನ ಹತ್ತು ಹನ್ನೆರಡು ಮಾತ್ರ ಜೀವ ಹಿಡಿದಿದ್ದವು. ಬಲಗೈಗೆ ಏಳು ಸ್ವರದ ಸಣ್ಣ ಸುತ್ತು ಹಾಕಿದ, ಎಡಗೈಗೆ ಎಂಟರದು. ಎರಡೂ ಕೂಡಿ ಹೊರಟವು. ಎರಡನೇ ಸುತ್ತಿಗೆ ಬಲಗೈ ಒಂದು ಹೆಜ್ಜೆ ಮುಂದೆ ಹೋಗಿತ್ತು, ಮೂರನೆಯದಕ್ಕೆ ಎರಡು ಹೆಜ್ಜೆ. ಅದೇ ಸ್ವರಗಳು, ಆದರೆ ಪ್ರತಿ ಸಲ ಬೇರೆ ನೆರೆಹೊರೆ. ಎಲ್ಲೂ ಇಲ್ಲದ ಮೂರನೆಯ ಒಂದು ಹಾಡು ನಡುವೆ ಎದ್ದು ಓಡಾಡಿದಂತೆ ಕೇಳಿತು. ಅದನ್ನು ಯಾವ ಕೈಯೂ ನುಡಿಸುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಎರಡು ಕೈಗಳೂ ತಾವಾಗಿ ಮತ್ತೆ ಒಂದೇ ಕಡೆ ಬಂದು ನಿಂತಾಗ ಮುಕುಂದ ಕುರ್ಚಿಯ ಮಾತು ಮರೆತೇಬಿಟ್ಟಿದ್ದ.

ಅಂದಿನಿಂದ ಊಟದ ಬಿಡುವು, ಬಸ್ಸಿಗೆ ಕಾಯುವ ಹೊತ್ತು, ಕೆಲವು ಭಾನುವಾರಗಳು, ಎಲ್ಲ ಅಲ್ಲೇ. ಬರೆದದ್ದಿಲ್ಲ, ಕಲಿತದ್ದಿಲ್ಲ, ನಿನ್ನೆಯದು ಇವತ್ತಿಗಿಲ್ಲ. ಕೂತಾಗ ಬೆರಳಿಗೆ ಯಾವ ಮೂರು ಸ್ವರ ಸಿಗುತ್ತವೋ ಅವು. ಎಲ್ಲಿ ಒಂದನ್ನು ಬಿಡಬೇಕು, ಎಲ್ಲಿ ಒಂದನ್ನು ಇನ್ನೊಮ್ಮೆ ಒತ್ತಬೇಕು ಅನ್ನುವುದು ಆಯಾ ಗಳಿಗೆಗೆ ಬಿಟ್ಟದ್ದು. ಆಪಾ ಅವರ ಅಕ್ಕನ ಮಗ ಬುರ್ಹಾನುದ್ದೀನ್ ಪುಣೆಯಿಂದ ರಜೆಗೆ ಬಂದವನು ಒಮ್ಮೆ ಬಾಗಿಲಲ್ಲಿ ನಿಂತು ಕೇಳಿದ.

"ಇಂಥಾದು ಹೊರಗಿನ ದೇಶದಾಗ ಭಾಳ ನಡೀತದ್ರಿ. ಮಿನಿಮಲ್ ಮ್ಯೂಸಿಕ್ ಅಂತಾರ."

"ಅಂದ್ರ ಏನ್ರಿ?"

"ಕಡಿಮಿ ಸಂಗೀತ. ಸ್ವರ ಕಡಿಮಿ, ಬದಲಾಗೋದೂ ಕಡಿಮಿ."

"ಕಡಿಮಿ ಪಗಾರದವನಿಗೆ ಕಡಿಮಿ ಸಂಗೀತ. ಸರಿಯಾಗ್ಯದ ಬಿಡ್ರಿ" ಎಂದ ಮುಕುಂದ. ಒಳಗೊಳಗೆ ಮಾತ್ರ ಖುಷಿಯಾಯಿತು. ಜಗತ್ತಿನಲ್ಲಿ ಎಲ್ಲೋ ಇದನ್ನು ಕೂತು ಕೇಳುವ ಜನ ಇದ್ದಾರೆ ಅಂತಾಯಿತಲ್ಲ. ಬುರ್ಹಾನುದ್ದೀನ್ ಪೂರ್ತಿ ಕೇಳುತ್ತಾನೇನೋ ಅಂದುಕೊಂಡರೆ, ಅವನಿಗೆ ಬಸ್ಸಿಗೆ ಹೊತ್ತಾಗಿತ್ತು, ಹೋದ. ಉಳಿದವರು ಆಪಾ. ಆಪಾ ನುಡಿತ ಶುರುವಾದ ಐದನೇ ನಿಮಿಷಕ್ಕೆ ಆರಾಮ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಎದ್ದ ಮೇಲೆ, "ಡಾಕ್ಟರ್ ಗುಳಿಗಿಗಿಂತಾ ನಿಂದು ಚಲೋ ಅದ ಬೇಟಾ" ಎಂದು ಹರಸುತ್ತಿದ್ದರು. ಇಂಥ ಹೊಗಳಿಕೆಗೆ ಅಳಬೇಕೋ ನಗಬೇಕೋ!

ಕಡೆಗೆ ಮುಕುಂದ ಒಂದು ಧೈರ್ಯ ಮಾಡಿದ. ಕಲಬುರ್ಗಿಯ ಸಂಗೀತ ಮಂಡಳಿಯ ಕಾರ್ಯದರ್ಶಿ ವಾಸುದೇವರಾಯರ ಮನೆಗೆ ಹೋಗಿ, ಮಂಡಳಿಯವರು ಒಂದು ಭಾನುವಾರ ಕಮಲಾಪುರಕ್ಕೆ ಬಂದು ತನ್ನ ಪಿಯಾನೊ ಕೇಳಬೇಕೆಂದು ಕೈಮುಗಿದ. ಜೀವನದಲ್ಲಿ ಮೊದಲ ಸಲ ತನಗಾಗಿ ಕೇಳಿದ್ದು. ವಾಸುದೇವರಾಯರು ಬಹಳ ವಿಚಾರ ಮಾಡಿ, ಬಾಳೆಹಣ್ಣಿನ ಸೀಸನ್ ಯಾವಾಗ ಎಂದು ವಿಚಾರಿಸಿ, ಒಪ್ಪಿದರು.

"ಜೋಡಿಗೆ ಯಾರು ಇರ್ತಾರ?"

"ಯಾರೂ ಇಲ್ರಿ. ನಾ ಒಬ್ಬನೇ."

"ಒಬ್ಬರೇ?" ಎಂದು ರಾಯರು ಕನ್ನಡಕ ತೆಗೆದು ಒರೆಸಿದರು.

ಆ ಭಾನುವಾರ ಮುಕುಂದ ಬೆಳಗಿನ ಮೊದಲ ಬಸ್ಸಿಗೇ ಹೋಗಿ ದಿವಾನಖಾನೆ ಗುಡಿಸಿ, ಜಮಖಾನ ಹಾಸಿ, ಮಣೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಮಧ್ಯಾಹ್ನ ಮಂಡಳಿಯವರು ಟೆಂಪೊ ಮಾಡಿಕೊಂಡು ಬಂದರು. ಬುತ್ತಿ ಬಿಚ್ಚಿ ಉಂಡರು. ಹಣ್ಣಿನ ಗೊನೆ ನೋಡಿ ಬಂದರು. ಜಮಖಾನದ ಮೇಲೆ ಕೂತು ಕೆಲವರು ಗೋಡೆಗೆ ಒರಗಿದರು. ಮುಕುಂದ ಪಿಯಾನೊದ ಮುಂದೆ ಕೂತು ಕೈ ಎತ್ತುವಷ್ಟರಲ್ಲಿ ಬಾಗಿಲಲ್ಲಿ ದೊಡ್ಡ ನಗು ಕೇಳಿತು.

ಬಂಡು! ಎರಡೂ ಬಗಲಲ್ಲಿ ತಬಲಾದ ಗವಸಣಿಗೆಗಳು.

"ಏನೋ ಮುಕುಂದಾ, ಅಣ್ಣಗ ಒಂದು ಮಾತು ಹೇಳಬಾರದೇನು? ಊರ ಮಂದಿಯೆಲ್ಲಾ ಹೇಳ್ತಾರ, ನೀ ಹೇಳಂಗಿಲ್ಲ. ನೀ ಒಬ್ಬನೇ ಕೂತರ ಛಂದ ಕಾಣ್ತದೇನು? ಮಂದಿ ಏನಂತಾರ, ಬಂಡೂರಾಯ ತಮ್ಮನ್ನ ಕೈಬಿಟ್ಟ ಅನ್ನೂದಿಲ್ಲೇನು?"

"ಅಣ್ಣಾ, ಇದಕ್ಕ ತಬಲಾ ಬೇಕಾಗಂಗಿಲ್ಲ..."

"ಬೇಕಾಗಂಗಿಲ್ಲ ಅಂದ್ರ? ಸುಮ್ನ ನುಡಸು. ನಾ ಸಂಭಾಳಿಸ್ತೀನಿ."

ಬಂಡು ಆಗಲೇ ಕೂತು, ಸುತ್ತಿಗೆ ತೆಗೆದು, "ಒಂದು ಷಡ್ಜ ಕೊಡು" ಎಂದ. ಮುಕುಂದನ ಬೆರಳು, ಸುಡುಗಾಡು ಬೆರಳು, ಕೊಟ್ಟೂ ಬಿಟ್ಟಿತು. ಬಂಡು ಟಣಟಣ ಬಡಿದು ಶ್ರುತಿ ಮಾಡತೊಡಗಿದ. ಗೋಡೆಗೆ ಒರಗಿದ್ದವರು ನೆಟ್ಟಗಾದರು. "ಹಾಂ, ಈಗ ರಂಗೇರಿತು ನೋಡ್ರಿ" ಎಂದು ವಾಸುದೇವರಾಯರು ತೊಡೆಯ ಮೇಲೆ ಕೈ ಇಟ್ಟು ತಾಳಕ್ಕೆ ಸಿದ್ಧರಾದರು. ಮುಕುಂದನಿಗೆ ಪಿಯಾನೊ ಎತ್ತಿ ಅಂಗಳಕ್ಕೆ ಎಸೆಯುವಷ್ಟು ಸಿಟ್ಟು ಬಂತು. ಆದರೆ ಅಷ್ಟು ದೂರದಿಂದ, ಈ ವಯಸ್ಸಿನಲ್ಲಿ, ತಮ್ಮನ ಮಾನ ಉಳಿಸಲೆಂದು ತಬಲಾ ಹೊತ್ತು ಬಂದ ಅಣ್ಣನಿಗೆ ಎದ್ದು ಹೋಗು ಅನ್ನುವುದು ಹೇಗೆ?

ನುಡಿಸಿದ. ಬಲಗೈಗೆ ಏಳು, ಎಡಗೈಗೆ ಎಂಟು.

ಬಂಡು ಕಣ್ಣುಮುಚ್ಚಿ ಎಡಗೈಯ ಎಂಟನ್ನು ಹಿಡಿದ. ಎರಡು ಎಂಟು ಹದಿನಾರು, ಅವನಿಗೆ ಮನೆಯ ಅಂಗಳವಿದ್ದಂತೆ. ತಾಳದ ಸಾದಾ ಠೇಕಾ ಬಾರಿಸಿದ, ಅದರ ಮೇಲೆ ಕಾಯ್ದಾ ಎಂಬ ಬೋಲುಗಳ ವಿಸ್ತಾರ ಒಂದಿಷ್ಟು ಬಾರಿಸಿದ. ಸಭೆ ತೂಗಿತು. ಆಮೇಲೆ ಹೆಗಲೆತ್ತಿ, ಮೂರು ಸಲ ಬರುವ ಮುಕ್ತಾಯ ಹಾಕಿ, "ಧಾ" ಎಂದು ಜೋರಾಗಿ ಬಿದ್ದ. ಅಲ್ಲಿ ಏನೂ ಇರಲಿಲ್ಲ. ಎಡಗೈ ಎಲ್ಲೋ ಇತ್ತು, ಬಲಗೈ ಇನ್ನೆಲ್ಲೋ ಇತ್ತು. ಮೆಟ್ಟಿಲು ಇದೆ ಎಂದು ಕಾಲಿಟ್ಟವನಂತೆ ಬಂಡು ಮುಗ್ಗರಿಸಿದ. ಕಣ್ಣು ಬಿಟ್ಟು ತಮ್ಮನ ಕೈ ನೋಡಿದ. ಮತ್ತೆ ಹಿಡಿದ, ಮತ್ತೆ ಹೆಗಲೆತ್ತಿದ. ಅರ್ಧ ಮಾತ್ರೆ ಮೊದಲೇ ಬರುತ್ತಾನೆ ಎಂಬುದು ಮುಕುಂದನಿಗೆ ಗೊತ್ತಾಯಿತು. ಎರಡೂ ಕೈ ನಿಲ್ಲಿಸಿ ಒಂದು ಷಡ್ಜ ಒತ್ತಿದ್ದರೆ ಸಾಕಿತ್ತು, ಅಣ್ಣ ಉಳಿಯುತ್ತಿದ್ದ. ಬೆರಳು ಅತ್ತ ಹೊರಟಿತ್ತು ಕೂಡ.

ಮುಕುಂದ ಒತ್ತಲಿಲ್ಲ. "ಬೀಳಲಿ" ಅಂದುಕೊಂಡ. ಹೌದು, ಹಾಗೇ ಅಂದುಕೊಂಡ.

ಬಂಡು ಬಿದ್ದ. ವಾಸುದೇವರಾಯರ ಕೈ ತೊಡೆಗೆ ತಾಗದೆ ಗಾಳಿಯಲ್ಲೇ ನಿಂತಿತು. ಯಾರೋ ಕೆಮ್ಮಿದರು. ಬಂಡು ತಬಲಾದ ಮೇಲೆ ಅಂಗೈ ಇಟ್ಟು ಸದ್ದಡಗಿಸಿ, ಸಭೆಯ ಕಡೆ ತಿರುಗಿ ನಕ್ಕ. "ತಮ್ಮನ ಲಯ ತಪ್ಯದ್ರಿ. ದಿನಾ ಬಸ್ಸಿನಾಗ ಕುಲುಕಿ ಕುಲುಕಿ ಹಿಂಗಾಗ್ಯದ."

ಎಲ್ಲರೂ ನಕ್ಕರು. ನಗುವಿಗೇ ಕಾದಿದ್ದವರಂತೆ ನಕ್ಕರು. ಮುಕುಂದ ನುಡಿಸುತ್ತಲೇ ಇದ್ದ, ಆದರೆ ಸಭೆ ಎದ್ದಿತ್ತು. ಆಪಾ ಚಹಾ ಕಳಿಸಿದರು, ಕಪ್ಪು ಬಸಿಗಳ ಸದ್ದು ಶುರುವಾಯಿತು. ವಾಸುದೇವರಾಯರು ಹತ್ತಿರ ಬಂದು, ಹೆಗಲ ಮೇಲೆ ಕೈ ಇಟ್ಟು, "ಪೇಟಿ ಎಷ್ಟು ಚಲೋ ನುಡಸ್ತಿದ್ರಿ. ಯಾಕ ಬೇಕಿತ್ತು ಈ ಉಸಾಬರಿ?" ಎಂದರು. ಎರಡು ಕೈಗಳೂ ಇನ್ನೂ ಕೂಡುವ ಕಡೆಗೆ ಬಂದಿರಲಿಲ್ಲ. ಮುಕುಂದ ಅರ್ಧದಲ್ಲೇ ಬಿಟ್ಟ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂವತ್ತು ವರ್ಷ ಕಟ್ಟಿದ ಹೆಸರು ಒಂದು ಟೆಂಪೊ ಕಮಲಾಪುರದಿಂದ ಕಲಬುರ್ಗಿ ಮುಟ್ಟುವುದರೊಳಗೆ ಹೋಯಿತು. ಮುಕುಂದನ ಲಯ ಕೆಟ್ಟಿದೆ ಎಂದು ಬ್ರಹ್ಮಪುರದಲ್ಲಿ ಅಂದರು, ಶಹಾಬಜಾರದಲ್ಲಿ ಅಂದರು. ಮೋಮಿನಪುರದಲ್ಲಿ ಪೇಟಿ ರಿಪೇರಿ ಮಾಡುವ ನಬಿಸಾಬ್ ಕೂಡ, "ನಾಡಿ ತೋರಿಸ್ಕೊಳ್ರಿ ಸಾಬ್, ಶುಗರ್ ಇದ್ರ ಹಿಂಗಾಗ್ತದ" ಎಂದು ಕಾಳಜಿ ಮಾಡಿದ. ಯಾರೂ ಲೆಹರಾಕ್ಕೆ ಕರೆಯಲಿಲ್ಲ. ಇನ್ನು ಬೇಕಾದಷ್ಟು ಹೊತ್ತು ತನ್ನದನ್ನು ನುಡಿಸಬಹುದಿತ್ತು, ನಿಜ. ಆದರೆ ಕೂತರೆ ಕೈ ಏಳುತ್ತಿರಲಿಲ್ಲ. ದಿವಾನಖಾನೆಗೆ ಹೋದರೂ ಎಷ್ಟೋ ಸಲ ಪಿಯಾನೊದ ಮುಂದೆ ಸುಮ್ಮನೆ ಕೂತು, ಆಪಾ ಅವರ ಜೊತೆ ಮಂಡಾಳು ತಿಂದು, ಬಸ್ಸು ಹತ್ತುತ್ತಿದ್ದ. ಮನೆಯಲ್ಲಿ ಎಲ್ಲದಕ್ಕೂ ರೇಗುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೆ ರೇಗು, ಕಡಿಮೆಯಾದರೆ ರೇಗು. "ಸಾರಿನ ಮ್ಯಾಲೆ ಯಾಕ ತೀರಿಸ್ಕೋತೀರಿ? ಕೆಳಗ ಇದ್ದಾರಲ್ಲ, ಹೋಗಿ ಅವರಿಗೆ ಅನ್ರಿ" ಎಂದಳು ಚಂದ್ರಾಬಾಯಿ. ಅನ್ನಲಿಲ್ಲ. ಅಣ್ಣತಮ್ಮಂದಿರು ಒಂದೇ ಮೆಟ್ಟಿಲ ಮೇಲೆ ಎದುರಾದರೂ ಗೋಡೆ ನೋಡುತ್ತ ಇಳಿಯುತ್ತಿದ್ದರು.

ಬಂಡು ದತ್ತಪ್ಪನೆಂಬ ಹೊಸ ಪೇಟಿಯವನನ್ನು ಜೋಡಿ ಮಾಡಿಕೊಂಡ. ನಂದೂರಿನ ದಾಲ್‌ಮಿಲ್ಲೊಂದರ ಪೂಜೆಯ ಕಾರ್ಯಕ್ರಮದಲ್ಲಿ ಸಮ್ಮು ತಪ್ಪಿತು. ಬಂಡು ದತ್ತಪ್ಪನನ್ನು ಅಲ್ಲೇ ಬೈದ. ಇನ್ನೊಬ್ಬನನ್ನು ಕರೆದ, ಸೊಲ್ಲಾಪುರದಲ್ಲಿ ಮತ್ತೆ ತಪ್ಪಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಬ್ಬನ ಪೇಟಿ ಓಡುತ್ತದೆ, ಒಬ್ಬನ ಪೇಟಿ ಎಳೆಯುತ್ತದೆ ಎಂದು ದೂರುತ್ತ ದೂರುತ್ತ, ಬಂಡೂರಾಯರಿಗೆ ವಯಸ್ಸಾಯಿತು ಎಂದು ಜನ ಮೆಲ್ಲಗೆ ಅನ್ನುವುದು ಅವನ ಕಿವಿಗೂ ಬಿತ್ತು. ಮಾಳಿಗೆಯ ಮೇಲೆ ಮುಕುಂದನಿಗೂ ಕೇಳಿತು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ಬೇಸಿಗೆ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮುಕುಂದ ಆಪಾ ಅವರ ಮನೆಯಲ್ಲಿ ಕೂತಿದ್ದ. ಬಾಗಿಲಲ್ಲಿ ಬಂಡು ಬಂದು ನಿಂತ. ಬಗಲಲ್ಲಿ ತಬಲಾ ಇರಲಿಲ್ಲ, ಬಾಯಲ್ಲಿ ಎಲೆಅಡಿಕೆಯೂ ಇರಲಿಲ್ಲ. ಬಸ್ಸಿನ ಧೂಳು ಮೀಸೆಯ ಮೇಲಿತ್ತು. ಆಪಾ, "ಆವ್ ಭಾಯಿ, ಕೂಡ್ರಿ" ಎಂದು ಕುರ್ಚಿ ತೋರಿಸಿ, ನೀರು ಕೊಟ್ಟು, ತಮ್ಮ ಆರಾಮ ಕುರ್ಚಿಗೆ ಮರಳಿ ಕಣ್ಣು ಮುಚ್ಚಿದರು.

ಬಂಡು ನೀರು ಕುಡಿದು ಲೋಟ ಕೆಳಗಿಟ್ಟ.

"ದತ್ತಪ್ಪನ ಜೋಡಿ ತಪ್ಪಿತು. ಇನ್ನೊಬ್ಬನ ಜೋಡಿ ತಪ್ಪಿತು. ಎಲ್ಲಾರ ಕೈಯೂ ಕೆಟ್ಟದ ಅಂದೆ. ಮತ್ತ ಮನ್ಯಾಗ ಗೋಡಿ ಗಡಿಯಾರದ ಕೆಳಗ ಕೂತು, ಅದರ ಟಿಕ್ ಟಿಕ್ ಹಿಡದು ಬಾರಿಸಿ ನೋಡಿದೆ. ಅದರ ಜೋಡೀನೂ ತಪ್ಪಿತು. ಗಡಿಯಾರಕ್ಕ ಏನಂತ ಬೈಲಿ ಹೇಳು? ನಿನ್ನ ಪೇಟಿ ಜೋಡಿ ಒಮ್ಮೆರೆ ತಪ್ಪಿಲ್ಲ ನಾ. ಏನು ಮಾಡ್ತಿದ್ದಿ ನೀ?"

ಮುಕುಂದ ಮೂವತ್ತು ವರ್ಷ ಕಾದಿದ್ದ ಪ್ರಶ್ನೆ ಅದು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಬಂದ ಸಿಟ್ಟು ಬೇರೆಯದು. ಇವತ್ತೂ ತಬಲಾದ ಮಾತೇ! ಇಷ್ಟು ದೂರ ಬಂದು, ಇದೇ ಪಿಯಾನೊದ ಎದುರಿಗೆ ಕೂತು, ಅಣ್ಣನಿಗೆ ಇವತ್ತೂ ಬೇಕಾದದ್ದು ಲೆಹರಾ! ಜೊತೆಗೇ, ಆ ಧೂಳು ಹಿಡಿದ ಮೀಸೆ ನೋಡಿದರೆ ಪಾಪ ಅನ್ನಿಸಿತು.

"ಕೂಡು ಅಣ್ಣಾ" ಎಂದು ಪಿಯಾನೊ ಕಡೆ ತಿರುಗಿದ. ಮಾತು ತಪ್ಪಿಸಿಕೊಳ್ಳಲು ಬೇರೆ ದಾರಿ ತೋಚಲಿಲ್ಲ, ಅಷ್ಟೇ.

ಮೂರು ಸ್ವರ ಸಿಕ್ಕವು. ಅವನ್ನೇ ಹಿಡಿದು ಬಹಳ ಹೊತ್ತು ತಿರುಗಿದ, ಅಂಗಳದಲ್ಲಿ ಕೈಬೀಸಿಕೊಂಡು ಅಡ್ಡಾಡುವವನಂತೆ. ಬಲಗೈ ಏಳಕ್ಕೆ ಬೆಳೆಯಿತು, ಎಡಗೈ ಎಂಟಕ್ಕೆ. ಬಂಡು ಮುಂದಕ್ಕೆ ಬಾಗಿ ಕೂತಿದ್ದ. ತಬಲಾ ಇರಲಿಲ್ಲ, ಬಾರಿಸುವಂತಿರಲಿಲ್ಲ. ತಮ್ಮನ ಕೈ ಏನು ಮಾಡುತ್ತದೆ ಎಂದು ಹಿಡಿಯಲು ಬಂದವನು, ಕಳ್ಳನ ಹೆಜ್ಜೆ ಕೇಳುವ ಹಾಗೆ ಒಂದೊಂದು ಸ್ವರವನ್ನೂ ಕೇಳುತ್ತಿದ್ದ. ಹಾಗೆ ಯಾರೂ ಮುಕುಂದನನ್ನು ಯಾವತ್ತೂ ಕೇಳಿರಲಿಲ್ಲ. ಬೆನ್ನಿನ ಹಿಂದಿನಿಂದ ಆ ಕೇಳುವಿಕೆಯ ಭಾರ ತಾಕಿ ಮುಕುಂದನ ಕೈಗೆ ಎಲ್ಲಿಲ್ಲದ ಬಲ ಬಂತು.

ಬಲಗೈ ಸುತ್ತಿನ ಬಾಲದ ಒಂದು ಸ್ವರ ಬಿಟ್ಟಿತು. ಏಳು ಇದ್ದದ್ದು ಆರಾಯಿತು, ಇಡೀ ನುಡಿತ ಹೊರಳಿ ಬೇರೆ ಬೆಳಕಿಗೆ ಬಂದಂತಾಯಿತು.

"ಮುಕುಂದಾ" ಎಂದ ಬಂಡು ಹಿಂದಿನಿಂದ. "ಇದು ಬೀದರದಾಗ ಮಾಡಿದ್ದು."

ಮುಕುಂದ ನಿಲ್ಲಿಸಲಿಲ್ಲ. ಎಡಗೈ ಒಂದು ಸ್ವರವನ್ನು ಇನ್ನೊಮ್ಮೆ ಒತ್ತಿ ಕಾಯಿತು.

"ಇದು ಕೋಟನೂರದಾಗ. ನಾ ತಡ ಬಂದೆ. ನೀ ಕಾದಿ."

ಹೌದಲ್ಲ! ಇದು ಮುಕುಂದನಿಗೇ ಇಷ್ಟು ದಿನ ತಿಳಿದಿರಲಿಲ್ಲ. ಹೊರಗಿನ ದೇಶದ ಹೆಸರಿನ ಸಂಗೀತ, ತನ್ನೊಬ್ಬನದು, ತಬಲಾದ ಸೋಂಕಿಲ್ಲದ್ದು ಅಂತೆಲ್ಲ ತಿಳಿದು ಎದೆಗೆ ಅವಚಿಕೊಂಡಿದ್ದ. ಒಂದು ಬಿಡುವುದು, ಒಂದು ಕೂಡಿಸುವುದು, ಕಾಯುವುದು, ಓಡಿ ಮುಟ್ಟುವುದು, ಎಲ್ಲ ಅಣ್ಣನ ತಪ್ಪುಗಳ ಪಕ್ಕದಲ್ಲಿ ಕೂತು ಕೂತು ಬೆರಳು ಕಲಿತದ್ದು. ಇದರೊಳಗೆ ಬೇರೇನೂ ಇರಲಿಲ್ಲ. ನಿಲ್ಲಿಸಬೇಕು ಅನ್ನಿಸಿತು. ಕೈ ನಿಲ್ಲಲಿಲ್ಲ, ಯಾಕೆಂದರೆ ಅಷ್ಟು ಚೆನ್ನಾಗಿ ಅದು ಎಂದೂ ಬಂದಿರಲಿಲ್ಲ.

ಒಂದೊಂದು ಸ್ವರ ಬಿಟ್ಟಾಗಲೂ, ಒಂದೊಂದು ಕೂಡಿಸಿದಾಗಲೂ ಅಣ್ಣನ ಉಸಿರು ಮಾತ್ರ ಕೇಳುತ್ತಿತ್ತು. ಎದ್ದು ಹೋಗಲಿಲ್ಲ. ಹೊರಗಿನ ಬಿಸಿಲು ಹೊಸ್ತಿಲು ದಾಟಿ ಜಮಖಾನದ ಅಂಚಿಗೆ ಬಂತು. ಎರಡು ಕೈಗಳೂ ಹತ್ತಿರ ಹತ್ತಿರ ಬಂದು, ಕಡೆಗೆ ಒಂದೇ ಸ್ವರದ ಮೇಲೆ ಕೂಡಿ ನಿಂತವು.

ಮುಕುಂದ ತಿರುಗಿ ನೋಡಿದ. ಅಣ್ಣನ ಕಣ್ಣುಗಳು ಕೆಂಪಾಗಿದ್ದವು. ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ, ಮೀಸೆಯ ಧೂಳೂ ಹೋಯಿತು.

"ಛಂದ ಅದ" ಎಂದ ಬಂಡು. "ಖರೇನ ಭಾಳ ಛಂದ ಅದೋ. ನನ್ನ ಬಾರಿಸೋಣಕ್ಕಿಂತಾ ಛಂದ ಅದ."

ಒಬ್ಬರು, ಬರೇ ಒಬ್ಬರು ಅಂತ ಮುಕುಂದ ಬೇಡಿದ್ದನಲ್ಲ, ಸಿಕ್ಕಿದ್ದರು.

ಬಂಡು ಎದ್ದು ಚಪ್ಪಲಿ ಮೆಟ್ಟಿದ. ಹೊಸ್ತಿಲಲ್ಲಿ ನಿಂತು, ಹೊರಗೆ ನೋಡುತ್ತಲೇ, ಮೆಲ್ಲಗೆ ಅಂದ: "ಆದ್ರ ನಾ ಇರೋತನಕ ಇದನ್ನ ಯಾರ ಮುಂದೂ ನುಡಸಬ್ಯಾಡಪ್ಪಾ. ತಿಳಿದವರು ಯಾರರೆ ಕೇಳಿದ್ರ, ನನ್ನ ಮಾನ ಹೋಗ್ತದ."

"ಆತು ಅಣ್ಣಾ" ಎಂದ ಮುಕುಂದ. ಅಣ್ಣನ ಮಾತು ಮುಗಿದ ಗಳಿಗೆಗೆ ಸರಿಯಾಗಿ, ಒಂದು ಚೂರು ಹಿಂದೆಮುಂದೆ ಆಗದಂತೆ, ಬಾಯಿ ತಾನೇ ಅಂದುಬಿಟ್ಟಿತು. ಅಂದ ಮೇಲೆ ತನ್ನ ಮೇಲೆಯೇ ಎಂಥ ಸಿಟ್ಟು ಬಂತೆಂದರೆ, ಅಣ್ಣನನ್ನು ಬಸ್ಸು ಹತ್ತಿಸಿ ಬರಲು ಎದ್ದವನು ಎದ್ದಲ್ಲೇ ನಿಂತುಕೊಂಡ.